ಒಂದು ಮಿಲಿಮೀಟರಿನ ಹೂವು

ದಾಸವಾಳವನ್ನು ಒಮ್ಮೆ ಎದುರಿನಿಂದ ನೋಡಿ. ಎಸಳುಗಳು ಹಿಂದೆ ಅರಳಿಕೊಂಡಿವೆ. ನಡುವಿನಿಂದ ಕೇಸರದ ಉದ್ದನೆಯ ದಂಡು ನಿಮ್ಮ ಕಡೆಗೇ ಚಾಚಿದೆ. ಅದರ ತುದಿಯಿಂದ ಹೂವಿನ ಗಂಟಲಿನವರೆಗೆ ಐದಾರು ಸೆಂಟಿಮೀಟರ್ ದೂರ ಇರುತ್ತದೆ. ನೋಡುವಾಗ ಈ ದೂರ ನಮ್ಮ ಗಮನಕ್ಕೇ ಬರುವುದಿಲ್ಲ. ಕಣ್ಣು ತುದಿಗೂ ಬುಡಕ್ಕೂ ಸರಸರ ಓಡಾಡುತ್ತದೆ, ಇಡೀ ಹೂವನ್ನು ಒಟ್ಟಿಗೇ ನೋಡಿದೆವು ಅನ್ನಿಸುತ್ತದೆ. ಕ್ಯಾಮೆರಾ ಹಾಗೆ ಓಡಾಡುವುದಿಲ್ಲ. ಅದಕ್ಕೆ ಒಂದು ಕ್ಲಿಕ್ಕಿಗೆ ಒಂದೇ ದೂರ. ಆ ದೂರದಲ್ಲಿ ಇರುವುದು ಚೂಪಾಗಿ ಬರುತ್ತದೆ, ಉಳಿದದ್ದೆಲ್ಲ ಮೆಲ್ಲಗೆ ಮಸುಕಾಗುತ್ತಾ ಹೋಗುತ್ತದೆ.

ಹೂವಿಗೆ ಹತ್ತಿರ ಹೋದಷ್ಟೂ ಈ ಚೂಪಾದ ಪದರ ತೆಳುವಾಗುತ್ತದೆ. ಎಷ್ಟು ತೆಳು ಅನ್ನುವುದನ್ನು ಅಂಕಿಯಲ್ಲೇ ಹೇಳುತ್ತೇನೆ, ಯಾಕೆಂದರೆ ಮುಂದಿನ ಮಾತೆಲ್ಲ ಇದರ ಮೇಲೇ ನಿಂತಿದೆ. ಎಫ್ ಅಂದರೆ ಲೆನ್ಸಿನೊಳಗೆ ಬೆಳಕು ಬರುವ ತೂತಿನ, ಅಂದರೆ ಅಪರ್ಚರಿನ ಅಳತೆ; ಅಂಕಿ ದೊಡ್ಡದಾದಷ್ಟೂ ತೂತು ಚಿಕ್ಕದು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ (ಅದರ ಸೆನ್ಸರ್, ಅಂದರೆ ಬಿಂಬ ಬೀಳುವ ಫಲಕ, ಹಳೆ ಫಿಲ್ಮ್ ಫ್ರೇಮಿನಷ್ಟೇ ದೊಡ್ಡದು) 1:1 ಅಳತೆಗೆ, ಅಂದರೆ ಒಂದು ಸೆಂಟಿಮೀಟರಿನ ಹೂವು ಸೆನ್ಸರಿನ ಮೇಲೂ ಒಂದು ಸೆಂಟಿಮೀಟರ್ ಆಗಿಯೇ ಬೀಳುವ ಹಾಗೆ ತೆಗೆದರೆ, ಎಫ್ 8ರಲ್ಲಿ ಸಿಗುವ ಆಳ, ಅಂದರೆ ಆ ಪದರದ ದಪ್ಪ, ಸುಮಾರು 1 ಮಿಲಿಮೀಟರ್. ಎಫ್ 16ಕ್ಕೆ ಹೋದರೆ ಸುಮಾರು 2 ಮಿಲಿಮೀಟರ್. ಅದೇ ಎಫ್ 8ರಲ್ಲಿ ಸ್ವಲ್ಪ ಹಿಂದೆ ಸರಿದು ಅರ್ಧ ಗಾತ್ರಕ್ಕೆ ತೆಗೆದರೆ ಸುಮಾರು 3 ಮಿಲಿಮೀಟರ್. ಕಾಲು ಗಾತ್ರಕ್ಕೆ ಇಳಿದರೆ ಹತ್ತಿರ ಹತ್ತಿರ 1 ಸೆಂಟಿಮೀಟರ್.

ಇದರಲ್ಲಿ ಒಂದು ವಿಷಯ ಗಮನಿಸಿದಿರಾ? ಅಪರ್ಚರನ್ನು ಎಫ್ 8ರಿಂದ ಎಫ್ 16ಕ್ಕೆ, ಅಂದರೆ ಎರಡು ಸ್ಟಾಪ್ ಮುಚ್ಚಿದರೆ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕೆ ಇಳಿಯುತ್ತದೆ) ಆಳ ಎರಡು ಪಟ್ಟು ಆಗುತ್ತದೆ. ಸುಮ್ನೆ ಸ್ವಲ್ಪ ಹಿಂದೆ ಸರಿದರೆ ಮೂರು ಪಟ್ಟು. ಆಮೇಲೆ ಕಂಪ್ಯೂಟರಿನಲ್ಲಿ ಕ್ರಾಪ್ ಮಾಡಿ ದೊಡ್ಡದು ಮಾಡಿದರೆ ಆ ಲಾಭದಲ್ಲಿ ಒಂದಿಷ್ಟು ಕರಗುತ್ತದೆ, ನಿಜ. ಆದರೂ ಪೂರ್ತಿ ಹೋಗುವುದಿಲ್ಲ. ಅದಕ್ಕೇ ತೀರಾ ಹತ್ತಿರದಿಂದ ತೆಗೆಯಲೆಂದೇ ಮಾಡಿದ ಮ್ಯಾಕ್ರೋ ಲೆನ್ಸ್ ಹೊಸದಾಗಿ ಕೊಂಡವರಿಗೆ ನಾನು ಹೇಳುವುದು ಇಷ್ಟೇ: ಲೆನ್ಸ್ 1:1 ಕೊಡುತ್ತದೆ ಅಂತ ಎಲ್ಲ ಹೂವನ್ನೂ 1:1ರಲ್ಲೇ ತೆಗೆಯಬೇಕಿಲ್ಲ.

ಈಗ ನಮ್ಮ ಮೈಯ ವಿಷಯಕ್ಕೆ ಬರೋಣ. ಸುಮ್ಮನೆ ನಿಂತಿದ್ದಾಗಲೂ ಮೈ ಹಿಂದೆ ಮುಂದೆ ತೂಗುತ್ತಲೇ ಇರುತ್ತದೆ. ಉಸಿರು ಎಳೆದಾಗ ಎದೆ, ಭುಜ, ಕೈ ಎಲ್ಲ ಏಳುತ್ತವೆ. ಈ ತೂಗಾಟ ಕೆಲವು ಮಿಲಿಮೀಟರಿನಷ್ಟು ಇರುತ್ತದೆ. ನಮಗೆ ಬೇಕಾದ ಪದರ ಒಂದು ಮಿಲಿಮೀಟರ್. ಅಂದರೆ ಫೋಕಸ್ ರಿಂಗನ್ನು ಎಷ್ಟೇ ಸರಿಯಾಗಿ ತಿರುಗಿಸಿ, ಬೆರಳು ಶಟರ್ ಒತ್ತುವಷ್ಟರಲ್ಲಿ ನಾವೇ ಆ ಜಾಗ ಬಿಟ್ಟು ಹೋಗಿರುತ್ತೇವೆ. ಬೆಟ್ಟದ ಫೋಟೋ ತೆಗೆಯುವಾಗ ಒಂದು ಹೆಜ್ಜೆ ಹಿಂದೆ ಮುಂದೆ ಆದರೂ ಫೋಕಸ್ ಕೆಡುವುದಿಲ್ಲ. ಹೂವಿನ ಎದುರು ಒಂದು ಉಸಿರೇ ಅದನ್ನು ಕೆಡಿಸುತ್ತದೆ.

ಇಲ್ಲೇ ಜಾಸ್ತಿ ಜನ ಲೆನ್ಸಿನಲ್ಲಿರುವ, ಕೈಯ ಅಲುಗಾಟ ತಡೆಯುವ ಸ್ಟೆಬಿಲೈಸರ್ ನಂಬಿಕೊಳ್ಳುತ್ತಾರೆ. ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದು ಗೊತ್ತಿರಬೇಕು. ಕೈ ಅಲುಗುವುದರಲ್ಲಿ ಮೂರು ಬಗೆ ಇದೆ. ಕ್ಯಾಮೆರಾದ ಮೂತಿ ಮೇಲೆ ಕೆಳಗೆ ಅಥವಾ ಎಡಕ್ಕೆ ಬಲಕ್ಕೆ ವಾಲುವುದು ಒಂದು. ಇಡೀ ಕ್ಯಾಮೆರಾ ವಾಲದೆ ಹಾಗೇ ಪಕ್ಕಕ್ಕೋ ಮೇಲಕ್ಕೋ ಜರುಗುವುದು ಇನ್ನೊಂದು. ಹೂವಿನ ಕಡೆಗೆ ಹೋಗುವುದು, ಹಿಂದೆ ಬರುವುದು ಮೂರನೆಯದು. ಮಾಮೂಲಿ ಸ್ಟೆಬಿಲೈಸರ್ ಹಿಡಿಯುವುದು ಮೊದಲನೆಯದನ್ನು. ದೂರದ ವಸ್ತುವಿಗೆ ಅಷ್ಟು ಸಾಕು. ಹತ್ತಿರಕ್ಕೆ ಬಂದಾಗ ಎರಡನೆಯದೂ ತೊಂದರೆ ಕೊಡುತ್ತದೆ. 2009ರಲ್ಲಿ ಕ್ಯಾನನ್ ತನ್ನ 100 ಎಂಎಂ ಎಫ್ 2.8 ಎಲ್ ಮ್ಯಾಕ್ರೋ ಲೆನ್ಸಿನಲ್ಲಿ ಹೈಬ್ರಿಡ್ ಐಎಸ್ ಅನ್ನುವ ಸ್ಟೆಬಿಲೈಸರ್ ತಂದಿದ್ದು ಈ ಎರಡನ್ನೂ ಸೇರಿಸಿ ಹಿಡಿಯುವುದಕ್ಕೆ. ಆಗಲೂ ದೂರದ ವಸ್ತುವಿಗೆ ನಾಲ್ಕು ಸ್ಟಾಪ್ ಸಹಾಯ ಅಂದರೆ 1:1ರಲ್ಲಿ ಎರಡೇ ಸ್ಟಾಪ್ ಅಂತ ಕಂಪನಿಯೇ ಹೇಳಿತ್ತು. ಈಗಿನ ಕ್ಯಾಮೆರಾ ಬಾಡಿಯೊಳಗಿನ ಐದು ಆಕ್ಸಿಸ್ ಸ್ಟೆಬಿಲೈಸೇಶನ್ ಕೂಡ ವಾಲುವುದನ್ನು, ಜರುಗುವುದನ್ನು, ತಿರುಗುವುದನ್ನು ಹಿಡಿಯುತ್ತದೆ. ಹಿಂದೆ ಮುಂದೆ ಹೋಗುವ ಆ ಮೂರನೆಯದು ಈ ಐದರಲ್ಲಿ ಇಲ್ಲ. ನಮ್ಮ ಫೋಕಸನ್ನು ಹಾಳು ಮಾಡುವುದು ಅದೇ. ಅದನ್ನು ಹಿಡಿಯಬೇಕಾದದ್ದು ಮೊಣಕೈ, ಮೊಣಕಾಲು ಮತ್ತು ಉಸಿರು.

ಹಾಗಾದರೆ ಟ್ರೈಪಾಡ್ ಹಾಕಬಾರದಾ ಅಂತ ಕೇಳುತ್ತೀರಿ. ಹಾಕಬಹುದು. ಮನೆಯಂಗಳದ ಗುಲಾಬಿಗೆ, ಕುಂಡದ ಆರ್ಕಿಡ್ಡಿಗೆ, ಗಾಳಿ ಇಲ್ಲದ ಕಡೆಗೆ ಟ್ರೈಪಾಡೇ ಸರಿ. ಆದರೆ ನಾನು ಇಷ್ಟಪಟ್ಟು ತೆಗೆಯುವ ಹೂಗಳು ಅಲ್ಲಿಲ್ಲ. ಶಿರಸಿ ಕಡೆ ಅಡಿಕೆ ತೋಟದ ಮೇಲೆ ಬೇಣ ಅಂತ ಇರುತ್ತದೆ. ಹುಲ್ಲು ಬೆಳೆಯುವ ಇಳಿಜಾರು. ಮಳೆಗಾಲದ ಕೊನೆಗೆ ಅಲ್ಲಿ ಬೆರಳುದ್ದದ ಹೂಗಳು ಏಳುತ್ತವೆ. ನೀರು ಜಿನುಗುವ ಕಡೆ ನೇರಳೆ ಬಣ್ಣದ ಯುಟ್ರಿಕ್ಯುಲೇರಿಯಾ, ಬಿಳಿ ಗುಂಡಿಯಂಥ ಎರಿಯೊಕಾಲಾನ್, ಅಂಟು ಹನಿ ಹೊತ್ತು ಹುಳ ಹಿಡಿಯುವ ಡ್ರಾಸೆರಾ. ಇವುಗಳ ನಡುವೆ ಮೂರು ಕಾಲು ಅಗಲಿಸಿ ಟ್ರೈಪಾಡ್ ಊರಿದರೆ ಒಂದು ಹೂವಿಗಾಗಿ ಹತ್ತು ಹೂವನ್ನು ತುಳಿದ ಹಾಗೆ. ನೆಲ ಒದ್ದೆ. ಹೂವು ನೆಲದಿಂದ ನಾಲ್ಕು ಬೆರಳು ಮೇಲಿದೆ. ಉಂಬಳಗಳು ಕಾಯುತ್ತಿರುತ್ತವೆ. ಅಲ್ಲಿ ಹೊಟ್ಟೆ ಮೇಲೆ ಮಲಗಿ ಕೈಯಲ್ಲೇ ಹಿಡಿದು ತೆಗೆಯುವುದು ಹೂವಿಗೂ ಒಳ್ಳೆಯದು, ನನಗೂ ಸಲೀಸು. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಆಗಸ್ಟ್ 15ಕ್ಕೋ ಜನವರಿ 26ಕ್ಕೋ ನಡೆಯುವ ಫಲಪುಷ್ಪ ಪ್ರದರ್ಶನದ ಕಾರಣ ಬೇರೆ. ಆ ಜನಸಂದಣಿಯಲ್ಲಿ ಟ್ರೈಪಾಡ್ ಹರಡಿದರೆ ಯಾರಾದರೂ ಎಡವಿ ಬೀಳುತ್ತಾರೆ.

ಕೈಯಲ್ಲಿ ಹಿಡಿದು ತೆಗೆಯುವಾಗ ನಾನು ಅನುಸರಿಸುವ ಕ್ರಮ ಹೀಗೆ. ಮೊದಲು ಆಟೋಫೋಕಸ್ ಆಫ್. ಹೂವು ಫ್ರೇಮಿನಲ್ಲಿ ಎಷ್ಟು ದೊಡ್ಡದಾಗಿ ಬೇಕು ಅಂತ ನಿರ್ಧರಿಸಿ, ಅಷ್ಟಕ್ಕೆ ರಿಂಗ್ ತಿರುಗಿಸಿ ಬಿಟ್ಟುಬಿಡುತ್ತೇನೆ. ಆಮೇಲೆ ರಿಂಗಿನ ಮೇಲೆ ಕೈ ಹಾಕುವುದಿಲ್ಲ. ಈಗ ಲೆನ್ಸಿನ ಮುಂದೆ ಒಂದು ನಿಶ್ಚಿತ ದೂರದಲ್ಲಿ ಕಾಣದ ಒಂದು ತೆಳು ಪದರ ನಿಂತಿದೆ. ಕ್ಯಾಮೆರಾ ಮುಂದೆ ಹೋದರೆ ಅದೂ ಮುಂದೆ ಹೋಗುತ್ತದೆ. ಹಿಂದೆ ಬಂದರೆ ಹಿಂದೆ ಬರುತ್ತದೆ. ಆ ಪದರವನ್ನು ಹೂವಿನಲ್ಲಿ ಎಲ್ಲಿ ಇಡಬೇಕೋ ಅಲ್ಲಿಗೆ ಮೈಯನ್ನೇ ಒಯ್ಯುವುದು. ಇದೇ ಕೆಲಸ.

ಮೈ ಒಯ್ಯುವಾಗ ಸೊಂಟದಿಂದ ಬಾಗಬಾರದು. ಬಾಗಿ ನಿಂತರೆ ಬೆನ್ನು ನಡುಗುತ್ತದೆ. ಒಂದು ಮೊಣಕಾಲು ನೆಲಕ್ಕೆ ಊರಿ, ಇನ್ನೊಂದು ಮೊಣಕಾಲಿನ ಮೇಲೆ ಎಡ ಮೊಣಕೈ ಇಟ್ಟರೆ ಅರ್ಧ ನಡುಕ ಅಲ್ಲಿಗೇ ನಿಲ್ಲುತ್ತದೆ. ಮೊಣಕೈಯ ಮೂಳೆ ಮತ್ತು ಮೊಣಕಾಲಿನ ಮೂಳೆ ಒಂದರ ಮೇಲೊಂದು ಕೂರಬಾರದು, ಜಾರುತ್ತವೆ. ಮೊಣಕೈಯ ಸ್ವಲ್ಪ ಮೇಲಿನ ಮೃದು ಜಾಗ ಮೊಣಕಾಲಿನ ಮೇಲೆ ಬರಬೇಕು. ಕುಳಿತು ತೆಗೆಯುವಂತಿದ್ದರೆ ಇನ್ನೂ ಒಳ್ಳೆಯದು. ಮಲಗಿದರೆ ಎರಡೂ ಮೊಣಕೈ ನೆಲಕ್ಕೆ ತಾಗುತ್ತವೆ, ಅದಕ್ಕಿಂತ ಗಟ್ಟಿ ಭಂಗಿ ಇನ್ನೊಂದಿಲ್ಲ. ಒಂದು ಪ್ಲಾಸ್ಟಿಕ್ ಹಾಳೆ ಅಥವಾ ರಸಗೊಬ್ಬರದ ಹಳೆ ಚೀಲ ಬ್ಯಾಗಿನಲ್ಲಿ ಇಟ್ಟುಕೊಂಡರೆ ಮಲಗಲು ಹಿಂಜರಿಕೆ ಇರುವುದಿಲ್ಲ.

ಉಸಿರಿನ ಬಗ್ಗೆ. ಪೂರ್ತಿ ಎಳೆದು ಕಟ್ಟಿ ಹಿಡಿದರೆ ಎದೆ ಬಡಿತವೇ ಕೈಗೆ ಬರುತ್ತದೆ. ಮಾಮೂಲಿಯಾಗಿ ಉಸಿರು ಬಿಟ್ಟು, ಮುಂದಿನ ಉಸಿರು ಶುರುವಾಗುವ ಮೊದಲು ಒಂದು ಚಿಕ್ಕ ಬಿಡುವು ಇರುತ್ತದಲ್ಲ, ಆಗ ಒತ್ತಿ.

ಇನ್ನೊಂದು ಮಾತು. ಸರಿಯಾದ ದೂರಕ್ಕೆ ಬಂದು ನಿಲ್ಲಬೇಕು, ನಿಂತು ಒತ್ತಬೇಕು ಅಂತ ಹೋದರೆ ಕೈ ಬಿಗಿಯಾಗುತ್ತದೆ, ಬಿಗಿಯಾದ ಕೈ ಜಾಸ್ತಿ ನಡುಗುತ್ತದೆ. ಬದಲಿಗೆ ತುಸು ಹಿಂದಿನಿಂದ ಮೆಲ್ಲಗೆ ಮುಂದೆ ಬನ್ನಿ. ಬರುತ್ತಾ ಇರುವಾಗ ವ್ಯೂಫೈಂಡರಿನಲ್ಲಿ ಎಸಳಿನ ಅಂಚು ಚೂಪಾಗುತ್ತದೆ, ಆಮೇಲೆ ಕೇಸರ ಚೂಪಾಗಲು ಶುರುವಾಗುತ್ತದೆ. ಬೇಕಾದ ಜಾಗ ಚೂಪಾಗುವುದಕ್ಕೆ ಒಂದು ಕೂದಲೆಳೆ ಮೊದಲೇ ಒತ್ತಿ, ಮೂರು ನಾಲ್ಕು ಫ್ರೇಮ್ ಓಡಲಿ. ಒಂದು ಫ್ರೇಮ್ ಮುಂಚೆ, ಒಂದು ಆಮೇಲೆ, ನಡುವಿನದರಲ್ಲಿ ಒಂದು ಸರಿಯಾಗಿ ಸಿಗುತ್ತದೆ. ಫಿಲ್ಮ್ ಕಾಲದಲ್ಲಿ ರೋಲಿಗೆ 36 ಫ್ರೇಮ್ ಇದ್ದವರಿಗೆ ಈ ಅನುಕೂಲ ಇರಲಿಲ್ಲ. ಸ್ಲೈಡ್ ಫಿಲ್ಮಿನ ವೇಗವೂ 50, 64, 100ರ ಆಸುಪಾಸು, ಅಂದರೆ ಅದಕ್ಕೆ ಬೆಳಕು ಜಾಸ್ತಿ ಬೇಕು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ಪೀಳಿಗೆ ಆ ಮಿತಿಯಲ್ಲಿ ತೆಗೆದ ಹಕ್ಕಿ, ಪ್ರಾಣಿಗಳ ಚಿತ್ರಗಳನ್ನು ಈಗ ನೋಡಿದರೂ ಅವರ ಕೈಯ ಹಿಡಿತಕ್ಕೆ ತಲೆ ಬಾಗುತ್ತದೆ. ನಮಗೆ ಒತ್ತಿ ಹಿಡಿದರೆ ಸಾಲಾಗಿ ಫ್ರೇಮ್ ಓಡಿಸುವ ಬರ್ಸ್ಟ್ ಇದೆ. ಬಳಸೋಣ.

ಇಷ್ಟೆಲ್ಲ ಹೇಳಿದರೂ ನನಗೆ ಎಲ್ಲಕ್ಕಿಂತ ಹೆಚ್ಚು ಕೈ ಹಿಡಿದದ್ದು ಎಡಗೈಯ ಒಂದು ಹಿಡಿತ. ಎಡಗೈ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಹೂವಿನ ತೊಟ್ಟನ್ನು, ಹೂವಿಗಿಂತ ಸ್ವಲ್ಪ ಕೆಳಗೆ, ಮೆತ್ತಗೆ ಹಿಡಿದುಕೊಳ್ಳಿ. ಲೆನ್ಸಿನ ಮುಂಭಾಗವನ್ನು ಅದೇ ಎಡಗೈಯ ಮಣಿಕಟ್ಟಿನ ಹತ್ತಿರ ಕೂರಿಸಿ. ಈಗ ಹೂವೂ ಲೆನ್ಸೂ ಒಂದೇ ಕೈಗೆ ಕಟ್ಟಿಹಾಕಿದಂತೆ ಆಯಿತು. ನಿಮ್ಮ ಮೈ ತೂಗಿದರೆ ಹೂವೂ ಜೊತೆಗೇ ತೂಗುತ್ತದೆ. ಗಾಳಿ ಬಂದರೆ ಇಬ್ಬರೂ ಒಟ್ಟಿಗೇ ಅಲುಗುತ್ತೀರಿ. ಇಬ್ಬರ ನಡುವಿನ ದೂರ ಮಾತ್ರ ಬದಲಾಗುವುದಿಲ್ಲ. ಫೋಕಸಿಗೆ ಬೇಕಾದದ್ದು ಅದೊಂದೇ ಅಲ್ವಾ? ಬೆರಳನ್ನು ಸ್ವಲ್ಪ ಚಾಚಿದರೆ, ಮಡಚಿದರೆ ಪದರ ಅರ್ಧ ಮಿಲಿಮೀಟರಿನ ಲೆಕ್ಕದಲ್ಲಿ ಸರಿಯುತ್ತದೆ. ಕ್ಯಾಮೆರಾವನ್ನು ಹಿಂದೆ ಮುಂದೆ ಸರಿಸುವ ಯಾವ ಸ್ಕ್ರೂ, ಯಾವ ಫೋಕಸ್ ರೈಲೂ ಬೇಡ.

ಇದಕ್ಕೆ ಲೆನ್ಸಿನ ಮುಂದೆ ಎಷ್ಟು ಜಾಗ ಸಿಗುತ್ತದೆ ಅನ್ನುವುದು ಮುಖ್ಯ. 100 ಎಂಎಂ ಮ್ಯಾಕ್ರೋ ಲೆನ್ಸಿನ ಮೇಲೆ ಹತ್ತಿರದ ಫೋಕಸ್ 30 ಸೆಂಟಿಮೀಟರ್ ಅಂತ ಬರೆದಿರುತ್ತದೆ. ಅದು ಸೆನ್ಸರಿನಿಂದ ಲೆಕ್ಕ. ಲೆನ್ಸಿನ ತುದಿಯಿಂದ ಹೂವಿಗೆ ಉಳಿಯುವುದು ಒಂದು ಗೇಣಿಗಿಂತಲೂ ಕಡಿಮೆ. ಕೈಗೆ ಅದು ಸರಿಯಾಗಿ ಒಗ್ಗುತ್ತದೆ. ಎಳೆ ತೊಟ್ಟಿದ್ದರೆ, ಮುಟ್ಟಿದರೆ ಮುರಿಯುವಂತಿದ್ದರೆ ಈ ಹಿಡಿತ ಬೇಡ. ಗೌರಿ ಹೂವಿನ ಗಿಡಕ್ಕೆ ಕೈ ಹಾಕಿದರೆ ಆಮೇಲೆ ತೊಳೆದುಕೊಳ್ಳಿ. ಅದರ ಗೆಡ್ಡೆಯಂತೂ ಕಡು ವಿಷ. ನಾಚಿಕೆ ಮುಳ್ಳಿನ ಹೂವಿಗೆ ಈ ಉಪಾಯ ನಡೆಯುವುದೇ ಇಲ್ಲ. ತೊಟ್ಟು ಮುಟ್ಟಲು ಹೋದರೆ ಮುಳ್ಳು ಚುಚ್ಚುತ್ತದೆ, ಲೆನ್ಸಿನ ಅಂಚು ತಾಗಿದರೂ ಎಲೆ ಮುದುಡಿಕೊಂಡು ಹಿನ್ನೆಲೆಯೇ ಬದಲಾಗುತ್ತದೆ.

ಪದರವನ್ನು ಹಿಡಿದಿಡುವುದು ಕಲಿತ ಮೇಲೆ ಅಸಲಿ ಪ್ರಶ್ನೆ ಬರುತ್ತದೆ. ಅದನ್ನು ಹೂವಿನ ಯಾವ ಜಾಗದಲ್ಲಿ ಇಡಬೇಕು? ನನ್ನ ಮಟ್ಟಿಗೆ ಕ್ಲೋಸ್ ಅಪ್ ಫೋಟೋದ ಫೋಕಸ್ ಅಂದರೆ ಈ ನಿರ್ಧಾರವೇ. ನಿರ್ಧಾರ ಗಟ್ಟಿಯಾಗಿ ಇಲ್ಲದಿದ್ದರೆ ಕೈ ಎಷ್ಟು ಗಟ್ಟಿ ಇದ್ದರೂ ಫೋಟೋ ಎಲ್ಲೋ ಒಂದು ಕಡೆ ಚೂಪಾಗಿ, ಏನನ್ನೂ ಹೇಳದೆ ಕೂತುಬಿಡುತ್ತದೆ. ನಿರ್ಧಾರಕ್ಕೆ ಹೂವು ಗೊತ್ತಿರಬೇಕು. ಪ್ರತಿಯೊಂದು ಹೂವಿನ ಕಟ್ಟಡವೂ ಬೇರೆ.

ಅಭ್ಯಾಸಕ್ಕೆ ನಿತ್ಯಪುಷ್ಪ ತುಂಬ ಒಳ್ಳೆಯದು. ಐದು ಎಸಳು ಚಪ್ಪಟೆಯಾಗಿ ಹರಡಿಕೊಂಡಿರುತ್ತವೆ. ಕ್ಯಾಮೆರಾದ ಮೇಲೆ ಒಂದು ಸೊನ್ನೆ, ಅದರ ಮೇಲೊಂದು ಅಡ್ಡಗೆರೆ ಇರುವ ಗುರುತು ಇದೆ, ನೋಡಿ. ಸೆನ್ಸರ್ ಇರುವುದು ಆ ಗೆರೆಯ ನೇರಕ್ಕೆ. ಚೂಪಾದ ಪದರ ಯಾವಾಗಲೂ ಸೆನ್ಸರಿಗೆ ಸಮಾನಾಂತರ. ಹೂವಿನ ಮುಖಕ್ಕೆ ಕ್ಯಾಮೆರಾದ ಬೆನ್ನು ಸಮಾನಾಂತರವಾಗಿ ಇದ್ದರೆ ಒಂದೆರಡು ಮಿಲಿಮೀಟರಿನಲ್ಲೇ ಐದೂ ಎಸಳು ಸಿಕ್ಕಿಬಿಡುತ್ತವೆ. ಸ್ವಲ್ಪ ವಾಲಿದರೆ ಒಂದು ಎಸಳು ಚೂಪು, ಎದುರಿನದು ಮಸುಕು. ಮನೆಯ ಮುಂದಿನ ನಿತ್ಯಪುಷ್ಪದ ಎದುರು ಒಂದು ಬೆಳಗ್ಗೆ ಕೂತರೆ ಈ ವಾಲುವಿಕೆ ಕೈಗೆ ಅರ್ಥವಾಗುತ್ತದೆ.

ದಾಸವಾಳದ ಐದಾರು ಸೆಂಟಿಮೀಟರ್ ಯಾವ ಅಪರ್ಚರಿಗೂ ಸಿಗುವುದಿಲ್ಲ. ಹಾಗಾಗಿ ಎದುರಿನಿಂದ ತೆಗೆಯುವುದಾದರೆ ದಂಡಿನ ತುದಿಯಲ್ಲಿರುವ ಐದು ಮಖಮಲ್ಲಿನ ಗುಂಡಿಗಳಿಗೆ ಫೋಕಸ್ ಕೊಟ್ಟು, ಎಸಳನ್ನೆಲ್ಲ ಬರೀ ಕೆಂಪು ಬಣ್ಣವಾಗಿ ಬಿಟ್ಟುಬಿಡುತ್ತೇನೆ. ದಂಡು ಪೂರ್ತಿ ಬೇಕು ಅಂದರೆ ಪಕ್ಕಕ್ಕೆ ಹೋಗುತ್ತೇನೆ. ಪಕ್ಕದಿಂದ ನೋಡಿದಾಗ ಆ ಉದ್ದನೆಯ ದಂಡು ಸೆನ್ಸರಿಗೆ ಸಮಾನಾಂತರ. ಗುಂಡಿಯಿಂದ ಹಿಡಿದು ಪರಾಗ ಹೊತ್ತ ಕೇಸರದವರೆಗೆ ಒಂದೇ ಪದರದಲ್ಲಿ ಬರುತ್ತವೆ. ನಿಂತ ಜಾಗ ಬದಲಿಸಿದ್ದಕ್ಕೆ ಸಿಕ್ಕ ಲಾಭ ಇದು, ಅಪರ್ಚರಿನದಲ್ಲ.

ದಾಸವಾಳದಲ್ಲಿ ಇನ್ನೊಂದು ತೊಡಕಿದೆ. ಕೆಂಪು. ಸೆನ್ಸರಿನ ಪಿಕ್ಸೆಲ್ಲುಗಳಲ್ಲಿ ಅರ್ಧ ಹಸಿರಿಗೆ, ಕಾಲು ಭಾಗ ನೀಲಿಗೆ, ಕಾಲು ಭಾಗ ಮಾತ್ರ ಕೆಂಪಿಗೆ. ಕಡುಗೆಂಪು ಎಸಳಿನ ವಿವರವನ್ನೆಲ್ಲ ಈ ಕಾಲು ಭಾಗವೇ ಹೊರಬೇಕು. ಅದರ ಮೇಲೆ ಬಿಸಿಲು ಬಿದ್ದರೆ ಕೆಂಪು ಚಾನೆಲ್ ತುಂಬಿ ಹರಿದು ಎಸಳಿನ ನರಗಳೆಲ್ಲ ಅಳಿಸಿಹೋಗುತ್ತವೆ. ಆಗ ಫೋಕಸ್ ತಪ್ಪಿದೆ ಅಂತ ಅನ್ನಿಸುತ್ತದೆ. ತಪ್ಪಿದ್ದು ಬೆಳಕಿನ ಲೆಕ್ಕ. ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ, ಅಂದರೆ ಹಿಸ್ಟೋಗ್ರಾಮಿನಲ್ಲಿ ಕೆಂಪನ್ನು ಬೇರೆಯಾಗಿ ನೋಡಿ, ಒಂದು ಸ್ಟಾಪ್ ಕಡಿಮೆ ಮಾಡಿ ತೆಗೆದರೆ ಅದೇ ಎಸಳು ಚೂಪಾಗಿ ಕಾಣುತ್ತದೆ. ನಂದಿಬಟ್ಟಲಿನಂಥ ಬಿಳಿ ಹೂವಿಗೂ ಹೀಗೇ.

ಗೌರಿ ಹೂವು ಭಾದ್ರಪದದ ಹೊತ್ತಿಗೆ ಬೇಲಿ ಮೇಲೆ ಉರಿಯುತ್ತಿರುತ್ತದೆ. ಆರು ಎಸಳು ಮೇಲಕ್ಕೆ ಮಡಚಿಕೊಂಡಿರುತ್ತವೆ, ಆರು ಕೇಸರಗಳು ಸುತ್ತಲೂ ಅಡ್ಡಡ್ಡ ಚಾಚಿರುತ್ತವೆ. ಎಲ್ಲರೂ ಪಕ್ಕದಿಂದ ತೆಗೆಯುತ್ತಾರೆ, ಯಾಕೆಂದರೆ ಹಾಗೆ ನೋಡಿದರೆ ಜ್ವಾಲೆಯ ಆಕಾರ ಚೆನ್ನಾಗಿ ಕಾಣುತ್ತದೆ. ಆದರೆ ಪಕ್ಕದಿಂದ ಒಂದು ಕೇಸರ ನಿಮ್ಮ ಕಡೆಗೆ ಬರುತ್ತದೆ, ಇನ್ನೊಂದು ಆಚೆ ಹೋಗುತ್ತದೆ. ಆರೂ ಕೇಸರ ಬೇಕಿದ್ದರೆ ಹೂವಿನ ಕೆಳಗೆ ಹೋಗಿ ಮೇಲಕ್ಕೆ ನೋಡಿ. ಆರು ತುದಿಗಳೂ ಸುಮಾರಾಗಿ ಒಂದೇ ಮಟ್ಟದಲ್ಲಿ ಇರುತ್ತವೆ. ಹೂವಿನ ಶಲಾಕೆ, ಅಂದರೆ ಹೆಣ್ಣು ಭಾಗದ ಕಡ್ಡಿ, ಬುಡದಲ್ಲೇ ಥಟ್ಟನೆ ಅಡ್ಡ ತಿರುಗಿ ಅದೇ ಮಟ್ಟಕ್ಕೆ ಬಂದಿರುತ್ತದೆ, ಅದೂ ಸಿಗುತ್ತದೆ. ಆಕಾಶದ ಬೆಳಕು ಎಸಳಿನೊಳಗಿಂದ ಹಾಯ್ದು ಬರುವುದು ಇನ್ನೊಂದು ಸುಖ.

ತುಂಬೆಯ ಹೂವು ಕಷ್ಟ. ಶಿವನ ಪೂಜೆಗೆ ಬುಟ್ಟಿಗಟ್ಟಲೆ ಕೊಯ್ಯುವ ಈ ಹೂವು ಒಂದೊಂದೂ ಸುಮಾರು ಒಂದು ಸೆಂಟಿಮೀಟರ್. ಕೆಳಗಿನ ತುಟಿ ಅಗಲ, ಮೇಲಿನ ತುಟಿ ಬಿಳಿ ರೋಮ ತುಂಬಿದ ಕುಲಾವಿ. ಅದರ ಅಡಿಯಲ್ಲಿ ಕೇಸರ ಅಡಗಿರುತ್ತದೆ. ನಾನು ಆ ಕುಲಾವಿಯ ಅಂಚಿನ ರೋಮಕ್ಕೆ ಫೋಕಸ್ ಕೊಡುತ್ತೇನೆ. ರೋಮ ಎಣಿಸುವಷ್ಟು ಚೂಪಾಗಿ ಬಂದರೆ ಉಳಿದ ಹೂವು ಮಸುಕಾಗಿದ್ದರೂ ನೋಡುವವರಿಗೆ ಇಡೀ ಹೂವು ಚೂಪಾಗಿದೆ ಅನ್ನಿಸುತ್ತದೆ. ಕೆಳಗಿನ ತುಟಿಗೆ ಕೊಟ್ಟರೆ ಹಾಗೆ ಆಗುವುದಿಲ್ಲ. ಅಲ್ಲಿ ಕಣ್ಣಿಗೆ ಹಿಡಿದುಕೊಳ್ಳಲು ಗೆರೆ ಇಲ್ಲ, ಬರೀ ಬಿಳಿ.

ನಾಚಿಕೆ ಮುಳ್ಳಿನ ಗುಲಾಬಿ ಉಂಡೆ ಪೂರ್ತಿ ಗೋಳ. ಗೋಳದ ತೀರಾ ಮುಂದಿನ ಬಿಂದುವಿಗೆ ಫೋಕಸ್ ಕೊಟ್ಟರೆ ಪದರದ ಅರ್ಧ ಭಾಗ ಖಾಲಿ ಗಾಳಿಯಲ್ಲಿ ಹೋಗುತ್ತದೆ. ಒಂದು ಮಿಲಿಮೀಟರ್ ಒಳಗೆ ಹೋಗಿ.

ಹೂವಿನ ಮೇಲಿನ ಇಬ್ಬನಿ ಅಥವಾ ಮಳೆಹನಿ ತೆಗೆಯುವವರಿಗೆ ಒಂದು ವಿಷಯ ಹೇಳಲೇಬೇಕು, ಇದು ಗೊತ್ತಾದಾಗ ನನಗೆ ತುಂಬ ಖುಷಿಯಾಗಿತ್ತು. ಹನಿಯೊಳಗೆ ಹಿಂದಿನ ಹೂವು ತಲೆಕೆಳಗಾಗಿ ಕಾಣುತ್ತದಲ್ಲ, ಆ ಬಿಂಬ ಹನಿಯ ಒಳಗೆ ಇರುವುದಿಲ್ಲ. ಹನಿ ಒಂದು ಚಿಕ್ಕ ಲೆನ್ಸ್. ಅದು ಬಿಂಬವನ್ನು ತನ್ನಿಂದ ಆಚೆಗೆ, ನಮ್ಮ ಕಡೆಗೆ ಚೆಲ್ಲುತ್ತದೆ. ಎರಡು ಮಿಲಿಮೀಟರ್ ಅಗಲದ ದುಂಡು ಹನಿಯಾದರೆ ದೂರದ ವಸ್ತುವಿನ ಬಿಂಬ ಹನಿಯ ಅಂಚಿನ ಮಟ್ಟಕ್ಕಿಂತ ಸುಮಾರು 2 ಮಿಲಿಮೀಟರ್ ಮುಂದೆ ನಿಂತಿರುತ್ತದೆ. ನಮ್ಮ ಪದರ ಒಂದು ಮಿಲಿಮೀಟರ್. ಅಂಚು ಚೂಪಾದರೆ ಬಿಂಬ ಮಸುಕು, ಬಿಂಬ ಚೂಪಾದರೆ ಅಂಚು ಮಸುಕು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನಾನು ಬಿಂಬವನ್ನು ಆರಿಸುತ್ತೇನೆ.

ಬೆಳಕಿನ ಲೆಕ್ಕವನ್ನು ಬೇಗ ಮುಗಿಸುತ್ತೇನೆ. ಹತ್ತಿರ ಹೋದಾಗ ಲೆನ್ಸ್ ಬೆಳಕನ್ನು ಕಳೆದುಕೊಳ್ಳುತ್ತದೆ. 1:1ರಲ್ಲಿ ಎರಡು ಸ್ಟಾಪಿನಷ್ಟು. ಎಫ್ 8 ಇಟ್ಟರೂ ಅದು ಎಫ್ 16ರ ಹಾಗೆ ನಡೆದುಕೊಳ್ಳುತ್ತದೆ. ನಿಕಾನ್ ಕ್ಯಾಮೆರಾ ಈ ಬದಲಾದ ಅಂಕಿಯನ್ನು ತೋರಿಸುತ್ತದೆ, ಕ್ಯಾನನ್ ನಾವು ಇಟ್ಟ ಅಂಕಿಯನ್ನೇ ತೋರಿಸುತ್ತದೆ. ಹಾಗಾಗಿ ಎಫ್ 22 ಇಟ್ಟು ಇಡೀ ಹೂವನ್ನು ಹಿಡಿಯುತ್ತೇನೆ ಅಂತ ಹೊರಟರೆ ಡಿಫ್ರಾಕ್ಷನ್ನಿನಿಂದ, ಅಂದರೆ ಚಿಕ್ಕ ತೂತಿನಲ್ಲಿ ಹಾಯುವಾಗ ಬೆಳಕು ಹರಡಿಕೊಳ್ಳುವುದರಿಂದ, ಎಲ್ಲವೂ ಒಂದೇ ಸಮ ಮಂಕಾಗುತ್ತದೆ. ನಾನು ಎಫ್ 8ರಿಂದ ಎಫ್ 11ರೊಳಗೇ ಇರುತ್ತೇನೆ. ಶಟರ್ ಸ್ಪೀಡ್ 1/250ಕ್ಕಿಂತ ಕೆಳಗೆ ಇಳಿಸುವುದಿಲ್ಲ. ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 1600 ಆದರೂ ಪರವಾಗಿಲ್ಲ, ಅದರಿಂದ ಬರುವ ಕಾಳುಕಾಳು ನಾಯ್ಸ್ ಆಮೇಲೆ ತೆಗೆಯಬಹುದು, ಅಲುಗಿದ ಫೋಟೋವನ್ನು ಸರಿ ಮಾಡುವುದು ಕಷ್ಟ. ಹೂವು ಸೆಕೆಂಡಿಗೆ ಒಂದೇ ಸೆಂಟಿಮೀಟರ್ ಅಲುಗುತ್ತಿದೆ ಅಂದುಕೊಳ್ಳಿ. 1:1ರಲ್ಲಿ 1/100 ಸ್ಪೀಡಿನಲ್ಲಿ ತೆಗೆದರೆ ಸೆನ್ಸರಿನ ಮೇಲೆ ಅದು 0.1 ಮಿಲಿಮೀಟರ್ ಓಡಿರುತ್ತದೆ. ಇವತ್ತಿನ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅದು ಸುಮಾರು 15ರಿಂದ 25 ಪಿಕ್ಸೆಲ್. ಬೆಳಕು ಸಾಲದಿದ್ದರೆ ಫ್ಲ್ಯಾಶ್. 1/16 ಪವರಿನಲ್ಲಿ ಒಳ್ಳೆಯ ಫ್ಲ್ಯಾಶಿನ ಮಿಂಚು 1/10,000 ಸೆಕೆಂಡಿನ ಆಸುಪಾಸು ಇರುತ್ತದೆ, ಎಲ್ಲ ಅಲುಗಾಟವೂ ಅಲ್ಲೇ ನಿಲ್ಲುತ್ತದೆ. ಮುಂದೆ ಬಿಳಿ ಬಟ್ಟೆಯನ್ನೋ ಡಿಫ್ಯೂಸರನ್ನೋ ಕಟ್ಟದೆ ಹೂವಿನ ಮೇಲೆ ಫ್ಲ್ಯಾಶ್ ಹೊಡೆಯಬೇಡಿ. ಫ್ಲ್ಯಾಶ್ ಅಲುಗಾಟವನ್ನು ನಿಲ್ಲಿಸುತ್ತದೆ, ಫೋಕಸನ್ನು ಸರಿ ಮಾಡುವುದಿಲ್ಲ ಅನ್ನುವುದೂ ನೆನಪಿರಲಿ.

ಗಾಳಿಗೆ ಬೆಳಗ್ಗೆಯೇ ಮದ್ದು. ಸೂರ್ಯ ನೆಲವನ್ನು ಕಾಯಿಸುವ ಮೊದಲು ಗಾಳಿ ಕಡಿಮೆ. ಕುಮಟಾ, ಹೊನ್ನಾವರದಂಥ ಕಡಲ ಊರುಗಳಲ್ಲಿ ಹೊತ್ತು ಏರಿದ ಮೇಲೆ ಸಮುದ್ರದ ಗಾಳಿ ಶುರುವಾದರೆ ಸಂಜೆವರೆಗೆ ಬಿಡುವುದಿಲ್ಲ. ಗಾಳಿಯಲ್ಲೇ ತೆಗೆಯಬೇಕಾಗಿ ಬಂದರೆ ತೊಟ್ಟು ಯಾವ ದಿಕ್ಕಿಗೆ ತೂಗುತ್ತಿದೆ ನೋಡಿ. ಅದು ನಿಮ್ಮ ಎಡಬಲಕ್ಕೆ ತೂಗುವ ಹಾಗೆ ಪಕ್ಕಕ್ಕೆ ಸರಿದು ಕೂತುಕೊಳ್ಳಿ. ಎಡಬಲಕ್ಕೆ ಹೋದರೆ ದೂರ ಹೆಚ್ಚು ಬದಲಾಗುವುದಿಲ್ಲ. ನಿಮ್ಮ ಕಡೆಗೇ ಬಂದು ಹೋಗುತ್ತಿದ್ದರೆ ಪ್ರತಿ ತೂಗಿಗೂ ಫೋಕಸ್ ತಪ್ಪುತ್ತದೆ. ಜೋಕಾಲಿಯ ಹಾಗೆ ತೊಟ್ಟೂ ತೂಗಿನ ತುದಿಯಲ್ಲಿ ಒಂದು ಕ್ಷಣ ನಿಂತು ವಾಪಸ್ ತಿರುಗುತ್ತದೆ. ಒತ್ತಬೇಕಾದದ್ದು ಆಗ.

"ಇಷ್ಟು ಒದ್ದಾಡುವ ಬದಲು ಹೂವನ್ನು ಕೊಯ್ದು ತಂದು ಜಗಲಿ ಮೇಲೆ ಇಟ್ಟು ತೆಗೆದರೆ ಆಗೋದಿಲ್ವಾ?" ಅಂತ ನಮ್ಮ ಅತ್ತೆ ಕೇಳುತ್ತಾರೆ. ದೇವರ ಪೂಜೆಗೆ ದಿನಾ ಹೂ ಕೊಯ್ಯುವವರು ಹಾಗೆ ಕೇಳುವುದು ಸಹಜ. ದಾಸವಾಳವನ್ನು ಹಾಗೆ ತರಬಹುದು. ಬೇಣದ ಹೂವನ್ನು ತಂದರೆ ಅದು ಅದಲ್ಲ. ಯುಟ್ರಿಕ್ಯುಲೇರಿಯಾ ಕಿತ್ತ ಸ್ವಲ್ಪ ಹೊತ್ತಿಗೇ ಬಾಡುತ್ತದೆ. ಅದರ ಜೊತೆಗಿದ್ದ ನೀರಿನ ಹೊಳಪು, ಹುಲ್ಲಿನ ಎಸಳು, ಆ ಹೊತ್ತಿಗೆ ಬಂದು ಕೂರುವ ಚಿಕ್ಕ ಜೇನು, ಇವು ಯಾವುದೂ ಜಗಲಿಗೆ ಬರುವುದಿಲ್ಲ. ಅತ್ತೆಗೆ ಫೋಟೋ ತೋರಿಸಿದಾಗ "ಇದು ಇಷ್ಟು ಚಂದ ಇದೆಯಾ, ದಿನಾ ತುಳಿದು ಹೋಗ್ತಿದ್ವಲ್ಲ" ಅಂದರು. ಈಗ ಅವರೇ ಮೊಬೈಲ್ ಹಿಡಿದು ಬೇಣಕ್ಕೆ ಬರುತ್ತಾರೆ.

ಮೊಬೈಲಿನಲ್ಲಿ ತೆಗೆಯುವವರಿಗೂ ಈ ಮಾತುಗಳಲ್ಲಿ ಹೆಚ್ಚಿನವು ಅನ್ವಯಿಸುತ್ತವೆ. ಮೊಬೈಲಿನ ಸೆನ್ಸರ್ ಚಿಕ್ಕದು, ಹಾಗಾಗಿ ಅದೇ ಫ್ರೇಮಿಗೆ ಆಳ ಜಾಸ್ತಿ ಸಿಗುತ್ತದೆ. 2021ರಲ್ಲಿ ಬಂದ ಐಫೋನ್ 13 ಪ್ರೊ ಎರಡು ಸೆಂಟಿಮೀಟರ್ ಹತ್ತಿರದಿಂದ ಫೋಕಸ್ ಮಾಡಬಲ್ಲದು. ಅಷ್ಟು ಹತ್ತಿರ ಹೋದರೆ ಮೊಬೈಲಿನ ನೆರಳೇ ಹೂವಿನ ಮೇಲೆ ಬೀಳುತ್ತದೆ, ಬೆಳಕು ಪಕ್ಕದಿಂದ ಬರುವ ಹಾಗೆ ಕೂತುಕೊಳ್ಳಿ. ಪರದೆಯ ಮೇಲೆ ಹೂವನ್ನು ಒತ್ತಿ ಹಿಡಿದರೆ ಜಾಸ್ತಿ ಫೋನುಗಳಲ್ಲಿ ಫೋಕಸ್ ಲಾಕ್ ಆಗುತ್ತದೆ. ಆಮೇಲೆ ಫೋನನ್ನೇ ಹಿಂದೆ ಮುಂದೆ ಒಯ್ಯಿರಿ. ಅತ್ತೆಗೆ ನಾನು ಕಲಿಸಿದ್ದು ಇದೊಂದನ್ನೇ.

ಫೋಕಸ್ ಸ್ಟ್ಯಾಕಿಂಗ್ ಬಗ್ಗೆ ಜನ ತುಂಬ ಕೇಳುತ್ತಾರೆ. ಫೋಕಸನ್ನು ಸ್ವಲ್ಪ ಸ್ವಲ್ಪ ಸರಿಸಿ ಹಲವು ಫೋಟೋ ತೆಗೆದು, ಚೂಪಾದ ಭಾಗಗಳನ್ನೆಲ್ಲ ಒಂದಕ್ಕೆ ಸೇರಿಸುವುದು. 2015ರಲ್ಲಿ ಒಲಿಂಪಸ್ ತನ್ನ ಇ-ಎಂ1 ಕ್ಯಾಮೆರಾಕ್ಕೆ ಇದನ್ನು ಕ್ಯಾಮೆರಾದೊಳಗೇ ಮಾಡುವ ಸೌಲಭ್ಯ ಕೊಟ್ಟಿತು, ಎಂಟು ಫ್ರೇಮ್ ಸೇರಿಸುತ್ತದೆ. ಹೂವಿನ ಭಾಗಗಳನ್ನು ಗುರುತಿಸಲು, ಸಸ್ಯಶಾಸ್ತ್ರದ ಕೆಲಸಕ್ಕೆ ಇದು ಬಹಳ ಉಪಯುಕ್ತ. ಆದರೆ ಬುಡದಿಂದ ತುದಿವರೆಗೆ ಎಲ್ಲವೂ ಚೂಪಾಗಿರುವ ಹೂವಿನ ಫೋಟೋ ನನ್ನನ್ನು ಹಿಡಿದು ನಿಲ್ಲಿಸುವುದಿಲ್ಲ. ತೆಗೆದವರು ಏನನ್ನು ನೋಡಿ ನಿಂತರು ಅಂತ ಅದರಲ್ಲಿ ಗೊತ್ತಾಗುವುದಿಲ್ಲ. ಒಂದೇ ಮಿಲಿಮೀಟರ್ ಸಿಗುತ್ತದೆ ಅಂದಾಗ ನೀವು ಆರಿಸಲೇಬೇಕು, ಆರಿಸಿದ್ದು ಫೋಟೋದಲ್ಲಿ ಕಾಣುತ್ತದೆ. ನನಗೆ ಬೇಕಾದದ್ದು ಅದು.

ಕನ್ನಡಕ ಹಾಕುವವರು ವ್ಯೂಫೈಂಡರಿನ ಪಕ್ಕದ ಡಯಾಪ್ಟರ್ ಗುಂಡಿಯನ್ನು ಮೊದಲು ಸರಿ ಮಾಡಿಕೊಳ್ಳಿ. ಒಳಗೆ ಕಾಣುವ ಅಂಕಿಗಳು ಚೂಪಾಗಿ ಕಾಣುವವರೆಗೆ ತಿರುಗಿಸಿ. ಅದು ಸರಿ ಇಲ್ಲದಿದ್ದರೆ ಮ್ಯಾನುಯಲ್ ಫೋಕಸ್ ಆಗುವ ಮಾತೇ ಇಲ್ಲ. ಮಿರರ್‌ಲೆಸ್ ಕ್ಯಾಮೆರಾ ಇದ್ದರೆ ಫೋಕಸ್ ಪೀಕಿಂಗ್ ಹಾಕಿಕೊಳ್ಳಿ, ಚೂಪಾದ ಅಂಚುಗಳ ಮೇಲೆ ಬಣ್ಣ ಮಿನುಗುತ್ತದೆ. ಪೀಕಿಂಗ್ ತೋರಿಸುವ ಪಟ್ಟಿ ನಿಜವಾದ ಪದರಕ್ಕಿಂತ ದಪ್ಪ ಇರುತ್ತದೆ, ಅದರ ನಡುಭಾಗವನ್ನು ನಂಬಿ.

ಲೆನ್ಸ್ ಯಾವುದು ಕೊಳ್ಳಲಿ ಅಂತ ಕೇಳುವವರಿಗೆ: ಈಗಲೇ ಮ್ಯಾಕ್ರೋ ಲೆನ್ಸ್ ಬೇಡ. ಎಕ್ಸ್‌ಟೆನ್ಶನ್ ಟ್ಯೂಬ್ ತನ್ನಿ. ಅದರಲ್ಲಿ ಗಾಜಿಲ್ಲ, ಬರೀ ಟೊಳ್ಳು ಕೊಳವೆ. ನಿಮ್ಮ ಹತ್ತಿರ ಇರುವ 50 ಎಂಎಂ ಲೆನ್ಸಿಗೆ 25 ಎಂಎಂ ಟ್ಯೂಬ್ ಸೇರಿಸಿದರೆ ಅರ್ಧ ಗಾತ್ರ ಸಿಗುತ್ತದೆ. ಮೇಲೆ ಲೆಕ್ಕ ಹಾಕಿದ 3 ಮಿಲಿಮೀಟರ್ ಇದರದ್ದೇ. ಒಂದು ಮಳೆಗಾಲ ಅದರಲ್ಲಿ ತೆಗೆಯಿರಿ, ನಿತ್ಯಪುಷ್ಪದಿಂದ ಶುರು ಮಾಡಿ ತುಂಬೆಗೆ ಬನ್ನಿ. ಟ್ಯೂಬ್ ಆಟೋಫೋಕಸ್ ಕನೆಕ್ಷನ್ ಇಲ್ಲದ ಅಗ್ಗದ್ದಾದರೆ ಅಪರ್ಚರ್ ರಿಂಗ್ ಇರುವ ಹಳೆ ಲೆನ್ಸ್ ಜೊತೆಗೆ ಬಳಸಿ, ಇಲ್ಲದಿದ್ದರೆ ಅಪರ್ಚರ್ ಬದಲಿಸಲು ಆಗುವುದಿಲ್ಲ.